ಮಿಂಟ್ ಚಾಕ್ಲೇಟ್ ಫಜ್: ಸ್ಲೋ ಕುಕ್ಕರ್, ಮೈಕ್ರೋವೇವ್, ಒಲೆ ಮೂರರಲ್ಲೂ ಮಾಡಿ ನೋಡಿದೆ

ನಾವಿರುವುದು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ. ಧಾರವಾಡದಲ್ಲಿ ಪೇಡ ಹೇಗೋ ಇಲ್ಲಿ ಫಜ್ ಹಾಗೆ, ಬರ್ಫಿ ಥರ ತುಂಡು ಮಾಡುವ ಮೆತ್ತನೆ ಸಿಹಿ. ರಾಜ್ಯದ ಉತ್ತರಕ್ಕೆ ಮ್ಯಾಕಿನಾ ಅಂತ ಒಂದು ದ್ವೀಪ ಇದೆ, 1898ರಿಂದ ಅಲ್ಲಿ ಮೋಟಾರು ಗಾಡಿ ಬಿಡುವುದಿಲ್ಲ, ಓಡಾಟ ಎಲ್ಲ ಕುದುರೆ ಗಾಡಿ ಮತ್ತು ಸೈಕಲ್‌ನಲ್ಲಿ. ಬೀದಿ ತುಂಬಾ ಫಜ್ ಅಂಗಡಿಗಳು. ಅಮೃತಶಿಲೆಯ ಮೇಜಿನ ಮೇಲೆ ಬಿಸಿ ಪಾಕ ಸುರಿದು, ಉದ್ದ ಹಿಡಿಯ ಸಟ್ಟುಗದಲ್ಲಿ ಮಗುಚುತ್ತಾ ನಿಂತಿರುತ್ತಾರೆ, ಜನ ಕಿಟಕಿಗೆ ಮೂಗು ಒತ್ತಿ ನೋಡುತ್ತಾರೆ. ಪ್ರವಾಸಿಗರಿಗೆ ಅಲ್ಲಿಯವರು ಇಟ್ಟಿರುವ ಅಡ್ಡಹೆಸರೇ 'ಫಜೀಸ್'.

ಹೋದ ಡಿಸೆಂಬರ್‌ನಲ್ಲಿ ಆಫೀಸಿನ ಕ್ರಿಸ್‌ಮಸ್ ಸಿಹಿ ಹಂಚಿಕೆಗೆ ನನ್ನ ಹೆಸರೂ ಸೇರಿತು. 72 ತುಂಡು ಬೇಕು. ಮೈಸೂರು ಪಾಕ್ ಮಾಡೋಣ ಅಂದುಕೊಂಡೆ, ಆದರೆ ಒಬ್ಬ ಸಹೋದ್ಯೋಗಿ "ಸ್ಲೋ ಕುಕ್ಕರ್‌ನಲ್ಲಿ (ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟ್ ಪಾತ್ರೆ) ಮಿಂಟ್ ಫಜ್ ಮಾಡು, ಎಲ್ಲಾ ಸುರಿದು ಮರೆತುಬಿಡು, ತಾನೇ ಆಗುತ್ತೆ" ಅಂದರು. ಈ "ತಾನೇ ಆಗುತ್ತೆ" ಅನ್ನುವ ಮಾತನ್ನು ಅಡುಗೆಮನೆಯಲ್ಲಿ ಯಾವತ್ತೂ ನಂಬಬಾರದು. ನಾನು ನಂಬಿದೆ.

ಸ್ಲೋ ಕುಕ್ಕರ್, ಮೈಕ್ರೋವೇವ್, ಒಲೆ ಮೂರಕ್ಕೂ ಅಳತೆ ಒಂದೇ ಇಟ್ಟುಕೊಂಡೆ. 3 ಕಪ್, ಅಂದರೆ ಸುಮಾರು 510 ಗ್ರಾಂ ಡಾರ್ಕ್ ಚಾಕ್ಲೇಟ್ ಚಿಪ್ಸ್, 396 ಗ್ರಾಂನ ಒಂದು ಡಬ್ಬಿ ಕಂಡೆನ್ಸ್ಡ್ ಮಿಲ್ಕ್, 2 ಚಮಚ ಬೆಣ್ಣೆ, ಚಿಟಿಕೆ ಉಪ್ಪು, ಅರ್ಧ ಟೀ ಚಮಚ ಪೆಪ್ಪರ್‌ಮಿಂಟ್ ಎಸೆನ್ಸ್. ಮಾರ್ಷ್‌ಮ್ಯಾಲೋ ಹಾಕಿ ಮಾಡುವ ಬಗೆಯೂ ಇದೆ, ಅದನ್ನು ಬಿಟ್ಟೆ. ಮಾರ್ಷ್‌ಮ್ಯಾಲೋದಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತೆ, ಜಾಡಿಯಲ್ಲಿ ಬರುವ ಮಾರ್ಷ್‌ಮ್ಯಾಲೋ ಕ್ರೀಮಿನಲ್ಲಿ ಮೊಟ್ಟೆಯ ಬಿಳಿ ಇರುತ್ತೆ. ಶಿವಮೊಗ್ಗದಿಂದ ಬಂದ ನಮ್ಮ ಅತ್ತೆ ಆಗ ಮನೆಯಲ್ಲಿದ್ದರು, ಅವರೂ ತಿನ್ನುವಂತಿರಬೇಕಲ್ವಾ.

ಮೊದಲು ಸ್ಲೋ ಕುಕ್ಕರ್. ಎಲ್ಲಾ ಸುರಿದು, ಮುಚ್ಚಳ ಹಾಕಿ, 'ಹೈ'ನಲ್ಲಿಟ್ಟು ಬಟ್ಟೆ ಮಡಚಲು ಹೋದೆ. ಒಂದೂವರೆ ಗಂಟೆ ಬಿಟ್ಟು ಬಂದು ನೋಡಿದರೆ ಅಂಚೆಲ್ಲಾ ಸೀದು ಕರಿ ಪಟ್ಟಿ ಕಟ್ಟಿದೆ, ನಡುವೆ ಎಣ್ಣೆ ಬೇರೆಯಾಗಿ ತೇಲುತ್ತಿದೆ, ಮೇಲೆ ಅಲ್ಲಲ್ಲಿ ಗಟ್ಟಿ ಗಂಟುಗಳು. ಅತ್ತೆ ಇಣುಕಿ ನೋಡಿ "ಇದು ಚಾಕ್ಲೇಟೋ, ಎಣ್ಣೆ ಬಿಟ್ಟ ಗೊಜ್ಜೋ?" ಅಂದರು.

ತಪ್ಪು ಎಲ್ಲಿ ಅಂತ ಯೋಚಿಸಿದಾಗ ಈ ಪಾತ್ರೆಯ ಹುಟ್ಟೇ ನೆನಪಾಯಿತು. ಇದನ್ನು ಕಂಡುಹಿಡಿದ ಇರ್ವಿಂಗ್ ನ್ಯಾಕ್ಸನ್‌ಗೆ 1940ರಲ್ಲಿ ಪೇಟೆಂಟ್ ಸಿಕ್ಕಿತು. ಲಿಥುವೇನಿಯಾದಲ್ಲಿ ಯಹೂದಿ ಮನೆಗಳವರು ಕಾಳಿನ ಸಾರಿನ ಮಡಕೆಯನ್ನು ಬೇಕರಿಯ ಆರುತ್ತಿರುವ ಒಲೆಯಲ್ಲಿ ರಾತ್ರಿಯಿಡೀ ಇಡುತ್ತಿದ್ದರು ಅಂತ ಅವರ ತಾಯಿ ಹೇಳುತ್ತಿದ್ದ ಕತೆಯೇ ಅದಕ್ಕೆ ಮೂಲವಂತೆ. ರೈವಲ್ ಕಂಪನಿ ಅದನ್ನು ಕೊಂಡುಕೊಂಡು 1971ರಲ್ಲಿ ಕ್ರಾಕ್‌ಪಾಟ್ ಅಂತ ಮಾರುಕಟ್ಟೆಗೆ ತಂದಿತು. ಅಂದರೆ ಇದು ಕಾಳು ಬೇಯಿಸುವ ಪಾತ್ರೆ. ಆವಿ ಹೊರಗೆ ಹೋಗಬಾರದು, ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ಒಳಗೇ ಬೀಳಬೇಕು, ಅದೇ ಇದರ ಕೆಲಸ. ಹುರುಳಿಕಾಳಿಗೆ ಅದು ಒಳ್ಳೆಯದು, ಚಾಕ್ಲೇಟಿಗೆ ಅದೇ ಶತ್ರು. ಇನ್ನೂ ಕಲೆಯದ, ಅರ್ಧ ಕರಗಿದ ಚಿಪ್ಸ್ ಮೇಲೆ ಒಂದು ಹನಿ ನೀರು ಬಿದ್ದರೆ ಅಲ್ಲೇ ಗಂಟು ಕಟ್ಟುತ್ತೆ. ಇನ್ನೊಂದು ವಿಷಯ, ಹೆಚ್ಚಿನ ಮಾಡೆಲ್‌ಗಳಲ್ಲಿ 'ಲೋ' ಇಟ್ಟರೂ 'ಹೈ' ಇಟ್ಟರೂ ಕೊನೆಗೆ ಮುಟ್ಟುವ ಬಿಸಿ ಹೆಚ್ಚುಕಡಿಮೆ ಒಂದೇ, ನೀರು ಕುದಿಯುವುದಕ್ಕಿಂತ ಚೂರು ಕಡಿಮೆ, ತಲುಪಲು ಹಿಡಿಯುವ ಹೊತ್ತು ಮಾತ್ರ ಬೇರೆ. ಚಾಕ್ಲೇಟ್ ಕರಗಲು 35 ಡಿಗ್ರಿ ಸೆಲ್ಸಿಯಸ್ ಸಾಕು. ಮರೆತುಬಿಟ್ಟರೆ ಸೀಯದೆ ಇನ್ನೇನಾಗುತ್ತೆ?

ಎರಡನೇ ಸಲ 'ಲೋ' ಇಟ್ಟೆ. ಪಾತ್ರೆಯ ಬಾಯಿಗೆ ಒಣ ಟವೆಲ್ ಹಾಸಿ ಅದರ ಮೇಲೆ ಮುಚ್ಚಳ ಇಟ್ಟೆ, ನಮ್ಮಲ್ಲಿ ಇಡ್ಲಿಗೆ ನೀರು ಬೀಳದ ಹಾಗೆ ಬಟ್ಟೆ ಮುಚ್ಚುತ್ತೇವಲ್ಲ, ಹಾಗೇ. 15 ನಿಮಿಷಕ್ಕೊಮ್ಮೆ ತಿರುವಿದೆ. 50 ನಿಮಿಷಕ್ಕೆ ಕನ್ನಡಿ ಹಾಗೆ ಹೊಳೆಯುವ ಹದ ಬಂತು. ಚೆನ್ನಾಗಿತ್ತು, ನಿಜ. ಆದರೆ 50 ನಿಮಿಷ ಅಡುಗೆಮನೆ ಸುತ್ತಲೇ ಇದ್ದೆ, ಅದಕ್ಕೆ 'ಸುಮ್ನೆ ಬಿಡು' ಅಂತ ಯಾಕೆ ಹೇಳಬೇಕು?

ಆಮೇಲೆ ಮೈಕ್ರೋವೇವ್. ಇಲ್ಲಿ ಮೋಸ ಏನಂದರೆ ಚಿಪ್ಸ್ ಒಳಗೆ ಕರಗಿದ್ದರೂ ಆಕಾರ ಬಿಡುವುದಿಲ್ಲ. ಇನ್ನೂ ಕರಗಿಲ್ಲ ಅಂತ ಮತ್ತೆ ಒಂದು ನಿಮಿಷ ಕೊಟ್ಟರೆ ನಡುವೆ ಸೀದ ವಾಸನೆ. ಅರ್ಧ ಪವರ್‌ನಲ್ಲಿ 30 ಸೆಕೆಂಡಿಗೊಮ್ಮೆ ತೆಗೆದು ತಿರುವಬೇಕು. ನನಗೆ ಎಲ್ಲ ಸೇರಿ ನಾಲ್ಕು ನಿಮಿಷ ಆಯಿತು. ರುಚಿ ಸ್ಲೋ ಕುಕ್ಕರ್‌ನದ್ದೇ. ಕಣ್ಣು ಮುಚ್ಚಿಸಿ ಮಗನಿಗೆ ಎರಡೂ ಕೊಟ್ಟೆ, ವ್ಯತ್ಯಾಸ ಹೇಳಲು ಆಗಲಿಲ್ಲ, ಮೂರನೇ ತುಂಡು ಕೊಟ್ಟರೆ ಹೇಳುತ್ತೇನೆ ಅಂದ.

ಒಲೆಯ ಮೇಲೆ ದಪ್ಪ ತಳದ ಪಾತ್ರೆ, ಸಣ್ಣ ಉರಿ, ಎಂಟು ನಿಮಿಷ. ಇಷ್ಟೇ. ಕೈಗೆ ಹದ ಗೊತ್ತಾಗುತ್ತೆ, ಅರ್ಧ ಕರಗಿದಾಗಲೇ ಇಳಿಸಿದರೆ ಪಾತ್ರೆಯ ಬಿಸಿಗೇ ಉಳಿದದ್ದು ಕರಗುತ್ತೆ. ಒಂದು ತಟ್ಟೆಗೆ ಮಾಡುವುದಾದರೆ ನನ್ನ ಮತ ಇದಕ್ಕೇ.

ಇದನ್ನೆಲ್ಲ ನೋಡುತ್ತಿದ್ದ ಅತ್ತೆಗೆ ಒಂದು ಅನುಮಾನ. "ಅಲ್ಲ ಕಣೇ, ಕರಗಿಸಿ ಮತ್ತೆ ಗಟ್ಟಿ ಮಾಡಿದ್ರೆ ಅದು ಸಿಹಿತಿಂಡಿ ಹೇಗಾಗುತ್ತೆ? ಪಾಕ ಎಲ್ಲಿ?" ಸರಿಯಾದ ಪ್ರಶ್ನೆ. ಹಳೇ ಕಾಲದ ಫಜ್‌ಗೆ ಪಾಕವೇ ಜೀವ. ಸಕ್ಕರೆ, ಹಾಲು, ಕೋಕೋ ಕುದಿಸಿ 114 ಡಿಗ್ರಿಗೆ ತರಬೇಕು, ಬೆಣ್ಣೆ ಹಾಕಿ, ಮುಟ್ಟದೆ 43 ಡಿಗ್ರಿವರೆಗೆ ಆರಲು ಬಿಡಬೇಕು, ಆಮೇಲೆ ಹೊಳಪು ಹೋಗುವವರೆಗೂ ಬಡಿಯಬೇಕು. ನಾನು ಥರ್ಮಾಮೀಟರ್ ತೆಗೆದೆ. "ಇದೇನೇ, ಪಾಕಕ್ಕೂ ಜ್ವರ ನೋಡ್ತೀಯಾ?" ಅಂತ ನಕ್ಕು, ಬಟ್ಟಲಲ್ಲಿ ತಣ್ಣೀರು ತಂದು ಒಂದು ಹನಿ ಬಿಟ್ಟು, ಬೆರಳಲ್ಲಿ ಮೆತ್ತಗೆ ಉಂಡೆ ಕಟ್ಟಿ ತೋರಿಸಿದರು. ಥರ್ಮಾಮೀಟರ್ ನೋಡಿದರೆ 113.

ಅಲ್ಲಿಂದಾಚೆ ಕೆಡಿಸಿದ್ದು ನಾನೇ. ತಾಳ್ಮೆ ಇಲ್ಲದೆ ಬಿಸಿ ಇರುವಾಗಲೇ ಸೌಟು ಹಾಕಿದೆ, ಸಕ್ಕರೆ ದಪ್ಪ ಹರಳು ಕಟ್ಟಿ ಬಾಯಲ್ಲಿ ಮರಳು. ಕೊಬ್ಬರಿ ಮಿಠಾಯಿಗೆ ಬಿಸಿಯಲ್ಲೇ ತಿರುವುತ್ತೇವೆ, ಅಲ್ಲಿ ಹರಳು ಬೇಕು. ಇಲ್ಲಿ ಹರಳು ಇರಬೇಕು, ಆದರೆ ನಾಲಿಗೆಗೆ ತಿಳಿಯದಷ್ಟು ಸಣ್ಣ. ಮಾರನೇ ದಿನ ಅತ್ತೆಯೇ ನಿಂತು ಮಾಡಿಸಿದರು. ಬಾಯಲ್ಲಿಟ್ಟರೆ ಮೊದಲು ಮುರಿದು ಆಮೇಲೆ ಕರಗುವ ಆ ತುಂಡಿನ ಮುಂದೆ ಕಂಡೆನ್ಸ್ಡ್ ಮಿಲ್ಕಿನ ಮೂರೂ ಸಪ್ಪೆ. ರುಚಿ ಒಂದನ್ನೇ ನೋಡುವುದಾದರೆ ಗೆದ್ದದ್ದು ಇದು. ಈ ಬಗೆ ಸ್ಲೋ ಕುಕ್ಕರ್‌ನಲ್ಲಿ ಆಗುವುದೇ ಇಲ್ಲ, ಆ ಪಾತ್ರೆ 114 ಡಿಗ್ರಿ ಮುಟ್ಟುವುದಿಲ್ಲ.

ನಿಜ ಹೇಳಬೇಕೆಂದರೆ ಪಾತ್ರೆಗಿಂತ ಜಾಸ್ತಿ ವ್ಯತ್ಯಾಸ ಮಾಡಿದ್ದು ಮಿಂಟ್. ಅಂಗಡಿಯಲ್ಲಿ 'ಪೆಪ್ಪರ್‌ಮಿಂಟ್' ಮತ್ತು ಬರೀ 'ಮಿಂಟ್' ಅಂತ ಎರಡು ಸೀಸೆ ಪಕ್ಕಪಕ್ಕ ಇದ್ದವು. ಬರೀ ಮಿಂಟ್‌ನಲ್ಲಿ ಸ್ಪಿಯರ್‌ಮಿಂಟ್ ಬೆರೆಸಿತ್ತು, ತಿಂದರೆ ಹಲ್ಲುಜ್ಜಿದ ಹಾಗೆ. ನಮ್ಮ ಚಟ್ನಿಯ ಪುದೀನವೂ ಹೆಚ್ಚಾಗಿ ಸ್ಪಿಯರ್‌ಮಿಂಟ್ ಜಾತಿಯದ್ದೇ. ಅತ್ತೆ ಹೇಳಿದರು ಅಂತ ಕ್ರೀಮಿನಲ್ಲಿ ಪುದೀನ ಸೊಪ್ಪು ಕುದಿಸಿ ಸೋಸಿ ಹಾಕಿಯೂ ನೋಡಿದೆ, ಮನೆಯೆಲ್ಲಾ ಪುಲಾವ್ ವಾಸನೆ. ಬಾಯಿಗೆ ತಂಪು ಕೊಡುವ ಮೆಂಥಾಲ್ ಜಾಸ್ತಿ ಇರುವುದು ಪೆಪ್ಪರ್‌ಮಿಂಟ್‌ನಲ್ಲಿ. ಎಸೆನ್ಸ್ ಬದಲು ಎಣ್ಣೆ ಸಿಕ್ಕಿದರೆ ಹುಷಾರು, ಹನಿ ಲೆಕ್ಕದಲ್ಲಿ ಹಾಕಿ, ಅರ್ಧ ಚಮಚ ಹಾಕಿದರೆ ಕಣ್ಣಲ್ಲಿ ನೀರು. ಯಾವುದೇ ಆಗಲಿ ಕೊನೆಗೆ, ಬಿಸಿಯಿಂದ ಇಳಿಸಿದ ಮೇಲೆ ಹಾಕಬೇಕು. ಇಲ್ಲೂ ಸ್ಲೋ ಕುಕ್ಕರ್ ಸೋಲುತ್ತೆ, ಆಫ್ ಮಾಡಿದರೂ ಅದರ ಪಿಂಗಾಣಿ ತುಂಬಾ ಹೊತ್ತು ಬಿಸಿ ಬಿಡುವುದಿಲ್ಲ, ಪರಿಮಳ ಹಾರಿಹೋಗುತ್ತೆ. ಬೇರೆ ಬಟ್ಟಲಿಗೆ ತೋಡಿಕೊಂಡು ಬೆರೆಸಿದೆ.

ಹಾಗಾದರೆ ಸ್ಲೋ ಕುಕ್ಕರ್ ಅಟ್ಟಕ್ಕೆ ಏರಿಸಿದೆನಾ? ಇಲ್ಲ. 72 ತುಂಡಿಗೆ ಮೂರು ಡಬ್ಬಿ ಕಂಡೆನ್ಸ್ಡ್ ಮಿಲ್ಕ್ ಬೇಕಾಯಿತು. ಒಲೆಯಲ್ಲಾದರೆ ಮೂರು ಸಲ, ಮೈಕ್ರೋವೇವ್‌ನಲ್ಲಿ ಅಷ್ಟು ದೊಡ್ಡ ಬಟ್ಟಲು ತಿರುಗುವುದೇ ಇಲ್ಲ. ಸ್ಲೋ ಕುಕ್ಕರ್‌ನಲ್ಲಿ ಒಂದೇ ಸಲಕ್ಕೆ ಕರಗಿಸಿ, ಒಂದು ತಟ್ಟೆಗೆ ಪೆಪ್ಪರ್‌ಮಿಂಟ್, ಇನ್ನೊಂದಕ್ಕೆ ಏಲಕ್ಕಿ, ಮೂರನೆಯದಕ್ಕೆ ಗೋಡಂಬಿ ಅಂತ ನಿಧಾನವಾಗಿ ತೋಡಿ ತೋಡಿ ಮಾಡಿದೆ, ಕೊನೆಯ ಸೌಟಿನವರೆಗೂ ಹದ ಗಟ್ಟಿಯಾಗಲಿಲ್ಲ. ಜಾಸ್ತಿ ಬಿಸಿಯಾಗಿ ಎಣ್ಣೆ ಬಿಟ್ಟರೆ ಗಾಬರಿ ಬೇಡ, ಒಂದೆರಡು ಚಮಚ ಬಿಸಿ ಹಾಲು ಹಾಕಿ ಜೋರಾಗಿ ತಿರುವಿದರೆ ಹೆಚ್ಚಿನ ಸಲ ಕೂಡಿಕೊಳ್ಳುತ್ತೆ. ಸೀದದ್ದಕ್ಕೆ ಮಾತ್ರ ಮದ್ದಿಲ್ಲ.

ಬಟರ್ ಪೇಪರ್ ಹಾಸಿದ ತಟ್ಟೆಗೆ ಸುರಿದು ಎರಡು ಗಂಟೆ ಫ್ರಿಜ್‌ನಲ್ಲಿಡಿ. ಮೈಸೂರು ಪಾಕ್ ಹಾಗೆ ಬಿಸಿಯಲ್ಲೇ ಗೆರೆ ಎಳೆಯಲು ಹೋಗಬೇಡಿ, ಪೂರ್ತಿ ಗಟ್ಟಿಯಾದ ಮೇಲೆ, ಬಿಸಿನೀರಲ್ಲಿ ಅದ್ದಿ ಒರೆಸಿದ ಚಾಕುವಿನಲ್ಲಿ ಕೊಯ್ಯಿರಿ. ಮಿಂಟ್ ತುಂಡುಗಳನ್ನು ಬೇರೆ ಡಬ್ಬಿಯಲ್ಲೇ ಇಡಿ. ನಾನು ಅತ್ತೆಯ ಕೊಬ್ಬರಿ ಮಿಠಾಯಿ ಜೊತೆ ಇಟ್ಟುಬಿಟ್ಟೆ, ಎರಡು ದಿನ ಬಿಟ್ಟು ಅವರು ಒಂದು ತುಂಡು ಬಾಯಿಗೆ ಹಾಕಿಕೊಂಡು "ಇದಕ್ಯಾರೇ ಅಮೃತಾಂಜನ ಹಚ್ಚಿದ್ದು?" ಅಂದರು.