ನಿದ್ರೆಯ ಕರೆಂಟ್ ನೋಡಿ ಚಿಪ್ ಕೊಂಡು ಕೆಟ್ಟೆ

ಕಳೆದ ದೀಪಾವಳಿಗೆ ಆಕಾಶಬುಟ್ಟಿಯೊಳಗೆ ಹನ್ನೆರಡು ಎಲ್‌ಇಡಿಗಳನ್ನು ಸರದಿಯಂತೆ ಮಿನುಗಿಸಲು ಹೊರಟ ನಾನು, ತಯಾರಕರ ವಿವರಪತ್ರವಾದ ಡೇಟಾಶೀಟಿನ ಒಂದೇ ಅಂಕಿಗೆ ಮರುಳಾಗಿ ಎಟಿಟೈನಿ85 ಎಂಬ ಪುಟ್ಟ ಮೈಕ್ರೊಕಂಟ್ರೋಲರ್ ಚಿಪ್ಪನ್ನು (ಕೋಡ್ ತುಂಬಿ ನಡೆಸುವ ಚಿಕ್ಕ ಕಂಪ್ಯೂಟರ್) ಆರಿಸಿಕೊಂಡೆ. ಬಹುತೇಕ ಎಲ್ಲ ಕೆಲಸವನ್ನೂ ನಿಲ್ಲಿಸುವ ಪವರ್-ಡೌನ್ ನಿದ್ರೆಯಲ್ಲಿ, 1.8 ವೋಲ್ಟಿನಲ್ಲಿ, ಅದು ಎಳೆಯುವುದು ಸುಮಾರು 0.1 ಮೈಕ್ರೊಆಂಪಿಯರ್ ಮಾತ್ರ. ಸಿಆರ್2032 ಬಟನ್ ಸೆಲ್ ಒಂದಿದ್ದರೆ ಹಬ್ಬವೆಲ್ಲ ಕಳೆದೀತು ಎಂದುಕೊಂಡಿದ್ದೆ. ಎರಡನೆಯ ರಾತ್ರಿಯೇ ಬೆಳಕಿನ ಸರದಿ ಅರ್ಧಕ್ಕೆ ನಿಂತು, ಮತ್ತೆ ಮತ್ತೆ ಮೊದಲಿನಿಂದ ಶುರುವಾಗತೊಡಗಿತು.

ನಾನು ಉಳಿಸಲು ಹೊರಟದ್ದು ಖರ್ಚೇ ಇಲ್ಲದ ಕಡೆ. ಎಚ್ಚರವಾಗಿರುವಾಗಲೂ 1 ಮೆಗಾಹರ್ಟ್ಸ್ ವೇಗದಲ್ಲಿ ಚಿಪ್ಪಿಗೆ 1 ಮಿಲಿಆಂಪಿಯರ್ ಕೂಡ ಬೇಡ. ಆದರೆ ಒಂದು ಹೊತ್ತಿಗೆ ಒಂದೇ ಎಲ್‌ಇಡಿ ಬೆಳಗಿದರೂ ಅದಕ್ಕೆ ನಾನು ಕೊಡುತ್ತಿದ್ದುದು 10 ಮಿಲಿಆಂಪಿಯರ್. ಬಟನ್ ಸೆಲ್ಲಿನ ಸುಮಾರು 220 ಮಿಲಿಆಂಪಿಯರ್-ಗಂಟೆಯ ಲೆಕ್ಕ ತೀರ ಹಗುರವಾದ ಹೊರೆಗಷ್ಟೇ ಸಲ್ಲುತ್ತದೆ. ಇಷ್ಟು ಎಳೆದರೆ ಅದರ ಒಳರೋಧದಿಂದಾಗಿ ವೋಲ್ಟೇಜ್ ಕುಸಿಯುತ್ತದೆ. ನಾನು ಕೊಂಡದ್ದೋ ಹೆಸರಿನಲ್ಲಿ 'ವಿ' ಅಕ್ಷರವಿಲ್ಲದ ಚಿಪ್: ಅದಕ್ಕೆ ಕನಿಷ್ಠ 2.7 ವೋಲ್ಟ್ ಬೇಕು, 'ವಿ' ಇರುವುದು 1.8 ವೋಲ್ಟಿನವರೆಗೂ ಓಡುತ್ತದೆ. ಸಾಲದೆಂಬಂತೆ ಬ್ರೌನ್-ಔಟ್ ಮಿತಿಯನ್ನೂ (ವೋಲ್ಟೇಜ್ ಇದಕ್ಕಿಂತ ಇಳಿದರೆ ಚಿಪ್ ತಾನಾಗಿ ರೀಸೆಟ್ ಆಗುವ ಮಟ್ಟ) 2.7ಕ್ಕೇ ಇಟ್ಟಿದ್ದೆನಾದ್ದರಿಂದ, ಸೆಲ್ ಬಳಲಿದ ಮೇಲೆ ದೀಪ ಹೊತ್ತಿದಾಗಲೆಲ್ಲ ಚಿಪ್ ರೀಸೆಟ್ ಆಗುತ್ತಿತ್ತು. ಇನ್ನು ನೀಲಿ ಎಲ್‌ಇಡಿಗಳಿಗೆ ತಮಗೇ ಸುಮಾರು 3 ವೋಲ್ಟ್ ಬೇಕು. ಅವು ಮೊದಲ ದಿನವೂ ಸರಿಯಾಗಿ ಬೆಳಗಿರಲಿಲ್ಲ, ನಾನು ಗಮನಿಸಲಿಲ್ಲ, ಅಷ್ಟೇ.

ಬೆಳಕಿರುವ ಹಗಲಿನಲ್ಲಿ ಚಿಪ್ ಮಲಗಿರಲೆಂದು ಕೋಡ್ ಬರೆದಿದ್ದೆ; ಆ ನಿದ್ರೆಯೂ ಹುಸಿಯಾಗಿತ್ತು. ಬೆಳಕನ್ನು ಅಳೆಯಲು ಬಳಸಿದ ಎಡಿಸಿಯನ್ನು (ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್ಪಿನೊಳಗಿನ ಭಾಗ) ಆಫ್ ಮಾಡದೆಯೇ ಚಿಪ್ಪನ್ನು ಮಲಗಿಸಿದ್ದರಿಂದ, ನಾನು ನಂಬಿದ್ದ 0.1ರ ಬದಲು ನೂರಾರು ಮೈಕ್ರೊಆಂಪಿಯರ್ ಸೋರಿಹೋಗುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಪಿನ್‌ಗಳದು. ಕೆಲವೇ ಪಿನ್‌ಗಳ ನಡುವೆ ಜೋಡಿಜೋಡಿಯಾಗಿ ಎಲ್‌ಇಡಿ ಕಟ್ಟುವ ಚಾರ್ಲಿಪ್ಲೆಕ್ಸಿಂಗ್ ವಿಧಾನದಲ್ಲಿ 4 ಪಿನ್‌ಗಳಿಂದ 12 ಎಲ್‌ಇಡಿಗಳನ್ನು ನಡೆಸಬಹುದು, ಅಲ್ಲಿಗೆ ಸರಿ. ಐದನೆಯದನ್ನು ಬೆಳಕು ಗುರುತಿಸುವ ಎಲ್‌ಡಿಆರ್ ನುಂಗಿತು. ಒತ್ತುವ ಗುಂಡಿಯೊಂದಕ್ಕೆ ಪಿನ್ ಉಳಿದಿಲ್ಲವೆಂದು ಫ್ಯೂಸ್ (ಚಿಪ್ಪಿನೊಳಗಿನ ಸೆಟ್ಟಿಂಗ್) ಬದಲಿಸಿ ರೀಸೆಟ್ ಪಿನ್ನನ್ನೇ ಸಾಮಾನ್ಯ ಪಿನ್ನಾಗಿಸಿದೆ; ಅದರೊಂದಿಗೆ ಕೋಡ್ ತುಂಬುವ ಸಾಧಾರಣ ಯುಎಸ್‌ಬಿ ಪ್ರೋಗ್ರಾಮರ್‌ಗೆ ಚಿಪ್ಪಿನ ಬಾಗಿಲೂ ಮುಚ್ಚಿತು. ಅದನ್ನು ಮತ್ತೆ ತೆರೆಯಲು 12 ವೋಲ್ಟಿನ ಪ್ರೋಗ್ರಾಮರ್ ಬೇಕು, ನನ್ನ ಬಳಿ ಇರಲಿಲ್ಲ. ಹೀಗಾಗಿ ಎಡಿಸಿಯ ತಪ್ಪು ತಿಳಿದ ಮೇಲೂ ತಿದ್ದಲಾಗಲಿಲ್ಲ.

ಇಂಥದ್ದೇ ಕೆಲಸಕ್ಕೆ ಚಿಪ್ ಹುಡುಕುತ್ತಿರುವವರು 14 ಕಾಲಿನ ಎಟಿಟೈನಿ84ವಿ ಕೊಳ್ಳಿರಿ; ರೀಸೆಟ್ಟನ್ನು ಮುಟ್ಟದೆಯೇ ಅದರಲ್ಲಿ 11 ಪಿನ್‌ಗಳು ಸಿಗುತ್ತವೆ. ಸೆಲ್ಲಿನ ಜಾಗದಲ್ಲಿ ಎರಡು ಎಎ ಆಲ್ಕಲೈನ್ ಹಾಕಿ, ಕೆಂಪು ಮತ್ತು ಹಳದಿ ಎಲ್‌ಇಡಿಗಳನ್ನಷ್ಟೇ ಬಳಸಿರಿ.