ರಿಟರ್ನ್ ಪಿಕಪ್‌ನಲ್ಲಿ ಬೇರೆ ವಸ್ತು ಹೋದರೆ, ರೀಫಂಡ್ ಬಂತೆಂದು ಸುಮ್ಮನಾಗಬೇಡಿ

ದಯವಿಟ್ಟು ಪೂರ್ತಿ ಓದಿ. ಆನ್‌ಲೈನ್‌ನಲ್ಲಿ ಕೊಂಡದ್ದನ್ನು ವಾಪಸ್ ಮಾಡುವಾಗ ಅದರ ಬದಲು ಮನೆಯದೇ ಬೇರೆ ವಸ್ತು ಹೋಗಿಬಿಟ್ಟರೆ, ಅದನ್ನು ಸುಲಭವಾಗಿ ವಾಪಸ್ ಪಡೆಯಲು ಇರುವುದು ಅದೇ ದಿನ ಸಂಜೆವರೆಗಿನ ಹೊತ್ತು ಮಾತ್ರ. ಆಮೇಲೆ ನಿಮ್ಮ ವಸ್ತು ಎಲ್ಲಿದೆ ಎಂದು ಹೇಳುವವರೇ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ರೀಫಂಡ್ ಬಂತೆಂದು ಸುಮ್ಮನಿರಬೇಡಿ. ಆ ರೀಫಂಡೇ ಆಮೇಲೆ ನಿಮ್ಮ ವಿರುದ್ಧದ ಸಾಕ್ಷಿಯಾಗುತ್ತದೆ.

ಆದದ್ದು ಇಷ್ಟು. ವಾಪಸ್ ಹೋಗಬೇಕಿದ್ದದ್ದು 1,149 ರೂಪಾಯಿಯ ಜಾರ್ಜೆಟ್ ಸೀರೆ, ಬಣ್ಣ ಫೋಟೊದಲ್ಲಿದ್ದಂತೆ ಇರಲಿಲ್ಲ. ಹೋದದ್ದು ಸರ್ಕಾರಿ ರೇಷ್ಮೆ ನಿಗಮವಾದ ಕೆಎಸ್‌ಐಸಿಯ ಮಳಿಗೆಯಲ್ಲಿ ಕೊಂಡ ಮೈಸೂರು ಸಿಲ್ಕ್. ಫಾಲ್ ಹಾಕಿಸಿ ಕುಚ್ಚು ಕಟ್ಟಿಸಲು ಕೊಡಬೇಕೆಂದು ಕವರಿನಲ್ಲಿ ಹಾಕಿ ಬಾಗಿಲ ಪಕ್ಕದ ಕುರ್ಚಿಯ ಮೇಲೆ ಇಟ್ಟಿತ್ತು. ಅತ್ತೆ ಒಳಗಿಂದ ಜಾರ್ಜೆಟ್ ಸೀರೆ ತರುವಷ್ಟರಲ್ಲಿ ಪಿಕಪ್‌ಗೆ ಬಂದ ಹುಡುಗ ಕುರ್ಚಿಯ ಮೇಲಿದ್ದ ಕವರನ್ನು ತಾನೇ ಎತ್ತಿ ತನ್ನ ಚೀಲಕ್ಕೆ ಹಾಕಿ, ಲೇಬಲ್ ಅಂಟಿಸಿ, "ಆಯ್ತಮ್ಮಾ, ಒಟಿಪಿ ಹೇಳಿ" ಅಂದ. ಬಿಚ್ಚಿ ನೋಡಲಿಲ್ಲ. ಅತ್ತೆ ಒಟಿಪಿ ಹೇಳಿದರು, ಅವನು ಹೋದ. ಕೈಯಲ್ಲಿ ಜಾರ್ಜೆಟ್ ಸೀರೆ ಹಾಗೇ ಇತ್ತು.

ಬಿಚ್ಚಿ ನೋಡುವುದು ಅವನ ಕೆಲಸ, ನಮ್ಮದಲ್ಲ. ಪಿಕಪ್ ಆ್ಯಪ್‌ನಲ್ಲಿ ವಸ್ತುವಿನ ಫೋಟೊ ಬರುತ್ತದೆ, ಬಣ್ಣ ಸರಿಯಿದೆಯಾ, ಟ್ಯಾಗ್ ಇದೆಯಾ, ಬಳಸಿದ್ದಾರಾ ಎಂಬ ಪ್ರಶ್ನೆಗಳು ಬರುತ್ತವೆ. ನೋಡಿ ಒಂದೊಂದಕ್ಕೂ ಉತ್ತರ ಒತ್ತಬೇಕು. ಕ್ಯೂಸಿ ಅನ್ನುವುದು ಇದನ್ನೇ. ನೋಡದೆ ಎಲ್ಲಕ್ಕೂ "ಹೌದು" ಒತ್ತಿಬಿಟ್ಟರೆ ಆ ಕ್ಷಣದಿಂದ ಕಂಪನಿಯ ದಾಖಲೆಯಲ್ಲಿ ಸರಿಯಾದ ಸೀರೆ, ಟ್ಯಾಗ್ ಸಮೇತ, ಸರಿಯಾದ ಸ್ಥಿತಿಯಲ್ಲಿ ವಾಪಸ್ ಬಂದಿದೆ. ಒಟಿಪಿ ಕೊಟ್ಟದ್ದರಿಂದ ಗ್ರಾಹಕರೂ ಅದನ್ನು ಒಪ್ಪಿದಂತೆ ಲೆಕ್ಕ.

ಕೂಡಲೇ ಕಸ್ಟಮರ್ ಕೇರ್‌ಗೆ ಹೇಳಿದ್ದಾಯಿತು. ಚಾಟ್‌ನಲ್ಲಿ ಮೊದಲ ಉತ್ತರ: "ನಿಮ್ಮ ರಿಟರ್ನ್ ಯಶಸ್ವಿಯಾಗಿ ಪಿಕಪ್ ಆಗಿದೆ." ಯಶಸ್ವಿಯಾಗಿ! ಮತ್ತೆ ವಿವರಿಸಿದರೆ ಎರಡನೆಯ ಉತ್ತರ: "ಮೇಡಂ, ನೀವು ಹೇಳುತ್ತಿರುವ ಸೀರೆ ನಿಮ್ಮ ಯಾವ ಆರ್ಡರ್‌ನಲ್ಲೂ ಇಲ್ಲ. ಆರ್ಡರ್ ಐಡಿ ಇಲ್ಲದೆ ಕಂಪ್ಲೇಂಟ್ ರೈಸ್ ಮಾಡೋಕೆ ಆಗಲ್ಲ." ನಮ್ಮ ಸೀರೆಗೆ ಅವರ ಆರ್ಡರ್ ಐಡಿ ಎಲ್ಲಿಂದ ಬರಬೇಕು? ಮೂರನೆಯವರು ಸಮಾಧಾನದ ದನಿಯಲ್ಲಿ, "ವೇರ್‌ಹೌಸ್‌ಗೆ ತಲುಪಲಿ ಮೇಡಂ, ಅಲ್ಲಿ ಚೆಕ್ ಮಾಡುವಾಗ ಗೊತ್ತಾಗುತ್ತೆ, ಆಟೋಮ್ಯಾಟಿಕ್ ವಾಪಸ್ ಕಳಿಸ್ತಾರೆ" ಅಂದರು. ಈ ಮಾತನ್ನು ಯಾರೂ ನಂಬಬೇಡಿ. ಗ್ರಾಹಕರ ಸ್ವಂತ ವಸ್ತುವನ್ನು ತಾನಾಗಿಯೇ ವಾಪಸ್ ಕಳಿಸುವ ವ್ಯವಸ್ಥೆ ಅಲ್ಲಿ ಇಲ್ಲ. ರಿಟರ್ನ್ ಲೇಬಲ್ ಇರುವ ಪಾರ್ಸೆಲ್‌ಗೆ ಇರುವುದು ಒಂದೇ ದಾರಿ, ಸೆಲ್ಲರ್ ಕಡೆಗೆ. ಮತ್ತೆ ನಿಮ್ಮ ಮನೆಗೆ ಬರಬೇಕಾದರೆ ಯಾರಾದರೂ ಕೂತು ಹೊಸ ಶಿಪ್‌ಮೆಂಟ್ ಮಾಡಬೇಕು.

ಆಮೇಲೆ ಬಂತು ರೀಫಂಡ್ ಮೆಸೇಜ್. 1,149 ರೂಪಾಯಿ ಖಾತೆಗೆ ಜಮಾ. ಮೈ ಉರಿದದ್ದು ಆಗ. ಅವರ ಸೀರೆ ಟ್ಯಾಗ್ ಸಮೇತ ನಮ್ಮ ಮನೆಯಲ್ಲೇ ಇದೆ. ಅದು ತಮಗೆ ತಲುಪಿದೆ, ಪರೀಕ್ಷಿಸಿದ್ದೇವೆ, ಸರಿಯಿದೆ ಎಂದು ಅವರು ಹಣ ವಾಪಸ್ ಕೊಟ್ಟಿದ್ದಾರೆ! ಅಂದರೆ ಯಾರೂ ಏನನ್ನೂ ನೋಡಿಲ್ಲ. ಲೇಬಲ್ ಸ್ಕ್ಯಾನ್ ಆಯಿತು, ಹಣ ಹೋಯಿತು, ಫೈಲ್ ಮುಚ್ಚಿತು. ಮತ್ತೆ ಕೇಳಿದರೆ ಬಂದ ಉತ್ತರ ಇನ್ನೂ ಕಣ್ಣ ಮುಂದಿದೆ: "ನಮ್ಮ ರೆಕಾರ್ಡ್ ಪ್ರಕಾರ ಸರಿಯಾದ ಪ್ರಾಡಕ್ಟ್ ರಿಸೀವ್ ಆಗಿದೆ, ರೀಫಂಡ್ ಕೂಡ ಆಗಿದೆ, ನಿಮ್ಮ ಸಮಸ್ಯೆ ಪರಿಹಾರವಾಗಿದೆ ಎಂದು ಭಾವಿಸುತ್ತೇವೆ." ಜಾರ್ಜೆಟ್ ಸೀರೆಯ ಫೋಟೊ ಕಳಿಸಿ ಇದು ಇಲ್ಲೇ ಇದೆ ನೋಡಿ ಅಂದರೆ, "ಮೇಡಂ, ಹಾಗಾದರೆ ನೀವು ರಿಟರ್ನ್ ಮಾಡದೆ ರೀಫಂಡ್ ತಗೊಂಡಿದ್ದೀರಾ?" ಎಂಬ ಪ್ರಶ್ನೆ. ಕಳೆದುಕೊಂಡವರನ್ನೇ ಕಳ್ಳರಂತೆ ಕೇಳುವ ಪ್ರಶ್ನೆ. ಅತ್ತೆಯ ಎದುರಿಗೇ ಸ್ಪೀಕರ್‌ನಲ್ಲಿ ಕೇಳಿಸಿತು.

ಮುಂದಿನದು ಎಲ್ಲರಿಗೂ ಗೊತ್ತಿರುವ ಓಡಾಟ. ಮಾರ್ಕೆಟ್‌ಪ್ಲೇಸ್‌ನವರು, ಅಂದರೆ ಆ್ಯಪ್ ನಡೆಸುವ ಕಂಪನಿಯವರು, "ನಾವು ಮಧ್ಯವರ್ತಿ ಅಷ್ಟೆ, ಸೂರತ್‌ನ ಸೆಲ್ಲರ್ ಹತ್ತಿರ ಕೇಳಿ" ಅನ್ನುತ್ತಾರೆ, ಸೆಲ್ಲರ್ "ಮಾರ್ಕೆಟ್‌ಪ್ಲೇಸ್ ಮೂಲಕವೇ ಬನ್ನಿ" ಅನ್ನುತ್ತಾನೆ. ಆದರೆ ಪಿಕಪ್ ಕಳಿಸಿದ್ದು ಸೆಲ್ಲರ್ ಅಲ್ಲ. ಹುಡುಗನ ಟೀ ಶರ್ಟ್ ಮೇಲೆ ಯಾರ ಹೆಸರಿತ್ತು, ಒಟಿಪಿ ಯಾರ ಹೆಸರಿನಿಂದ ಬಂತು ಎಂದು ಕೇಳಿದರೆ ಆ ಕಡೆ ಉತ್ತರವಿಲ್ಲ.

ಒಳಗೆ ಏನಾಗುತ್ತದೆ ಎಂದು ತಿಳಿದಿದ್ದರೆ ಎಲ್ಲಿ ಹಿಡಿಯಬೇಕು ಎಂದೂ ತಿಳಿಯುತ್ತದೆ. ಬೆಳಗ್ಗೆಯಿಂದ ಪಿಕಪ್ ಮಾಡಿದ ರಿಟರ್ನ್‌ಗಳನ್ನು ಹುಡುಗರು ಸಂಜೆ ತಮ್ಮ ಹಬ್‌ಗೆ, ಅಂದರೆ ಊರಿನ ಪಾರ್ಸೆಲ್ ಕೇಂದ್ರಕ್ಕೆ, ತಂದು ಒಪ್ಪಿಸುತ್ತಾರೆ. ಅಲ್ಲಿ ಸ್ಕ್ಯಾನ್ ಆಗಿ, ಒಟ್ಟಿಗೆ ದೊಡ್ಡ ಚೀಲಕ್ಕೆ ತುಂಬಿ, ಸೀಲ್ ಹಾಕಿ, ಸಾಮಾನ್ಯವಾಗಿ ರಾತ್ರಿ ಗಾಡಿಗೆ ಹೋಗುತ್ತವೆ. ಸೀಲ್ ಬೀಳುವ ಮುನ್ನ ಪಾರ್ಸೆಲ್ ನಿಮ್ಮ ಊರಿನಲ್ಲೇ ಒಂದು ಕಪಾಟಿನಲ್ಲಿರುತ್ತದೆ, ಹಬ್ ಇನ್‌ಚಾರ್ಜ್ ಅದನ್ನು ತೆಗೆದು ಪಕ್ಕಕ್ಕಿಡಬಲ್ಲರು. ಸೀಲ್ ಬಿದ್ದ ಮೇಲೆ ಅವರ ಕೈಯಲ್ಲೂ ಏನೂ ಇಲ್ಲ. ರಿಟರ್ನ್ ಸೆಂಟರ್‌ನಲ್ಲಿ ಕೆಲವೊಮ್ಮೆ ಲೇಬಲ್ ಸ್ಕ್ಯಾನ್ ಬಿಟ್ಟರೆ ಬೇರೇನೂ ಆಗುವುದಿಲ್ಲ. ಕವರ್ ನಿಜವಾಗಿ ಬಿಚ್ಚಿಕೊಳ್ಳುವುದು ಸೆಲ್ಲರ್‌ನ ಗೋದಾಮಿನಲ್ಲಿ, ಎಷ್ಟೋ ದಿನದ ನಂತರ.

ಹಾಗಾಗಿ ಕಸ್ಟಮರ್ ಕೇರ್‌ನ ಚಾಟ್‌ನಲ್ಲಿ ಕೂತು ಸಂಜೆ ಕಳೆಯಬೇಡಿ. ಮೊದಲು ಪಿಕಪ್ ಹುಡುಗನಿಗೆ ಫೋನ್ ಮಾಡಿ. ಆ್ಯಪ್‌ನಲ್ಲಿ ಕಾಣುವುದು ಅವನ ನಿಜವಾದ ನಂಬರ್ ಅಲ್ಲ, ಮರೆಮಾಚಿದ ನಂಬರ್. ಪಿಕಪ್ ಮುಗಿದ ಸ್ವಲ್ಪ ಹೊತ್ತಿಗೆ ಅದು ಕೆಲಸ ನಿಲ್ಲಿಸುತ್ತದೆ. ರಿಟರ್ನ್ ಐಡಿ, ಎಡಬ್ಲ್ಯೂಬಿ ಅಂದರೆ ಟ್ರ್ಯಾಕಿಂಗ್ ನಂಬರ್, ಪಿಕಪ್ ಹುಡುಗನ ಹೆಸರು, ಪಿಕಪ್ ಆದ ಸಮಯ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ರೀಫಂಡ್ ಆದ ಮೇಲೆ ಆ್ಯಪ್‌ನಲ್ಲಿ ಈ ವಿವರಗಳು ಕಾಣದೆ ಹೋಗಬಹುದು. ಟ್ರ್ಯಾಕಿಂಗ್‌ನಲ್ಲಿ ಹಬ್‌ನ ಹೆಸರು ಬರುತ್ತದೆ, ಖುದ್ದಾಗಿ ಹೋಗಿ. ಹೋಗುವಾಗ ನಿಜವಾಗಿ ವಾಪಸ್ ಆಗಬೇಕಿದ್ದ ವಸ್ತುವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬದಲಿ ವಸ್ತು ಎದುರಿಗಿದ್ದರೆ ಇನ್‌ಚಾರ್ಜ್‌ಗೆ ಅದೇ ಲೇಬಲ್ ಮೇಲೆ ಬದಲಾಯಿಸಿಕೊಡುವುದು ಸುಲಭ. ಬರಿಗೈಯಲ್ಲಿ ಹೋದರೆ ಅವರ ಲೆಕ್ಕದಲ್ಲಿ ಒಂದು ಪಾರ್ಸೆಲ್ ಕಡಿಮೆಯಾಗುತ್ತದೆ, ಒಪ್ಪುವುದಿಲ್ಲ.

ಗಾಡಿ ಹೋಗಿಬಿಟ್ಟಿದ್ದರೆ ಬರವಣಿಗೆಯಲ್ಲಿ ಹೋರಾಡಬೇಕು. ಫೋನ್ ಕಾಲ್ ಸಾಲದು. ಆ್ಯಪ್‌ನಲ್ಲಿ "ರೀಫಂಡ್ ಸಮಸ್ಯೆ" ಅಥವಾ "ಐಟಂ ಬಂದಿಲ್ಲ" ಎಂಬ ಆಯ್ಕೆ ಒತ್ತಬೇಡಿ. ರೀಫಂಡ್ ಆಗಿದೆಯಲ್ಲ, ಟಿಕೆಟ್ ಆ ಕ್ಷಣವೇ ಮುಚ್ಚುತ್ತದೆ. ಇಮೇಲ್‌ನಲ್ಲಿ ಹೀಗೆ ಬರೆಯಿರಿ: "ಈ ರಿಟರ್ನ್ ಐಡಿಯಡಿ ನಿಮ್ಮ ಸಿಬ್ಬಂದಿ ನಿಮ್ಮ ವಸ್ತುವಿನ ಬದಲು ನನ್ನ ಸ್ವಂತ ವಸ್ತುವನ್ನು ತೆಗೆದುಕೊಂಡು ಹೋಗಿದ್ದಾರೆ. ನಿಮ್ಮ ವಸ್ತು ನನ್ನ ಬಳಿ ಸುರಕ್ಷಿತವಾಗಿದೆ, ಯಾವಾಗ ಬೇಕಾದರೂ ತೆಗೆದುಕೊಂಡು ಹೋಗಿ. ರೀಫಂಡ್ ನಾನು ಕೇಳಿಲ್ಲ, ನೀವು ತಪ್ಪಾಗಿ ಹಾಕಿದ್ದೀರಿ. ನನ್ನ ವಸ್ತುವನ್ನು ವಾಪಸ್ ಕಳಿಸಿ." ನಿಮ್ಮ ವಸ್ತು ಇಲ್ಲೇ ಇದೆ ಎಂಬ ಆ ಒಂದು ವಾಕ್ಯ ರೀಫಂಡ್ ಮೆಸೇಜ್ ಬಂದ ಕೂಡಲೇ ಹೋಗಲೇಬೇಕು. ತಡವಾದರೆ ಮೇಲೆ ಹೇಳಿದ ಪ್ರಶ್ನೆ ನಿಮಗೂ ಬರುತ್ತದೆ.

ಜೊತೆಗೆ ಎರಡು ದಾಖಲೆ ಕೇಳಿ. ಒಂದು, ಹಬ್‌ನಲ್ಲಿ ಪಾರ್ಸೆಲ್ ತೂಗಿದ್ದರೆ ಅದರ ತೂಕ. ಮನೆಯಲ್ಲಿರುವ ಅವರ ವಸ್ತುವನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ಫೋಟೊ ತೆಗೆಯಿರಿ. ಎರಡೂ ತೂಕ ತಾಳೆಯಾಗದಿದ್ದರೆ ಹೋದದ್ದು ಬೇರೆ ಎಂಬುದಕ್ಕೆ ಅವರ ದಾಖಲೆಯೇ ಸಾಕ್ಷಿ. ಎರಡು, ಸೆಲ್ಲರ್ ತಪ್ಪು ರಿಟರ್ನ್ ಬಂದಿದೆ ಎಂದು ಕ್ಲೇಮ್ ಹಾಕಿದ್ದಾನೆಯೇ ಎಂಬುದು. ಇದು ಹೆಚ್ಚಿನವರಿಗೆ ಗೊತ್ತಿಲ್ಲ. ದೊಡ್ಡ ಮಾರ್ಕೆಟ್‌ಪ್ಲೇಸ್‌ಗಳಲ್ಲಿ ಬೇರೆ ವಸ್ತು ವಾಪಸ್ ಬಂದರೆ ಸೆಲ್ಲರ್ ತನ್ನ ನಷ್ಟಕ್ಕೆ ಪರಿಹಾರ ಕೇಳಬಹುದು, ಅದಕ್ಕೆ ಬಿಚ್ಚಿದ ಫೋಟೊ ಅಥವಾ ವಿಡಿಯೊ ಹಾಕಬೇಕು. ಕ್ಲೇಮ್ ಹಾಕಿದ್ದರೆ ನಿಮ್ಮ ಸೀರೆಯ ಫೋಟೊ ಕಂಪನಿಯ ಬಳಿಯೇ ಇದೆ, ಅತ್ತ ಸೆಲ್ಲರ್‌ಗೂ ಪರಿಹಾರ, ಇತ್ತ ನಿಮಗೆ "ಸರಿಯಾದ ಪ್ರಾಡಕ್ಟ್ ಬಂದಿದೆ" ಎಂಬ ಉತ್ತರ. ಹಾಕಿಲ್ಲದಿದ್ದರೆ ಸಾವಿರದ ಸೀರೆಯ ಬದಲು ರೇಷ್ಮೆ ಸೀರೆ ಸಿಕ್ಕಿದವನು ಸುಮ್ಮನಿದ್ದಾನೆ ಎಂದರ್ಥ. ಎರಡರಲ್ಲಿ ಯಾವುದು ಎಂದು ಲಿಖಿತವಾಗಿ ಕೇಳಿ.

ನಿಮ್ಮ ವಸ್ತು ನಿಮ್ಮದೇ ಎಂಬುದಕ್ಕೂ ಗುರುತು ಬೇಕು. ಕೆಎಸ್‌ಐಸಿ ಸೀರೆಗೆ ಹೊಲೊಗ್ರಾಮ್ ಇರುತ್ತದೆ, ಸೀರೆಯಲ್ಲೇ ಕಸೂತಿ ಮಾಡಿದ ಕೋಡ್ ನಂಬರ್ ಇರುತ್ತದೆ. ಬಿಲ್ ಜೊತೆ ಆ ನಂಬರಿನ ಫೋಟೊ ಇಟ್ಟುಕೊಂಡವರು ಅದೃಷ್ಟವಂತರು. ಬೆಲೆಬಾಳುವ ಸೀರೆ ಮನೆಗೆ ತಂದ ದಿನವೇ ಆ ಮೂಲೆಯ ಫೋಟೊ ತೆಗೆಯಿರಿ.

ಕಾನೂನು ನಿಮ್ಮ ಕಡೆಗಿದೆ, ಅದನ್ನು ಹೆಸರು ಹೇಳಿಯೇ ಬರೆಯಿರಿ. 1872ರ ಭಾರತೀಯ ಕರಾರು ಕಾಯ್ದೆಯ 72ನೇ ಕಲಂ ಪ್ರಕಾರ ತಪ್ಪಾಗಿ ತನ್ನ ಕೈಸೇರಿದ ವಸ್ತುವನ್ನು ಪಡೆದವರು ಹಿಂತಿರುಗಿಸಬೇಕು. ಅದು ತಮ್ಮ ಆರ್ಡರ್‌ನಲ್ಲಿ ಇತ್ತೋ ಇಲ್ಲವೋ ಎಂಬುದು ಅಲ್ಲಿ ಬರುವುದೇ ಇಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಕಂಪನಿಯೂ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ವಿವರ ಹಾಕಿರಬೇಕು. ಅವರು 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಕಸ್ಟಮರ್ ಕೇರ್‌ಗೆ ಬರೆದದ್ದು ಅವರಿಗೆ ಬರೆದಂತಲ್ಲ, ನೇರವಾಗಿ ಅವರ ಇಮೇಲ್‌ಗೇ ಕಳಿಸಿ. ಅಲ್ಲೂ ಆಗದಿದ್ದರೆ 1915ಕ್ಕೆ ಕರೆ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು.

ಕೊನೆಯದು ಜಿಲ್ಲಾ ಗ್ರಾಹಕರ ಆಯೋಗ. ನೀವು ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು, ಸೂರತ್‌ಗೂ ಹೋಗಬೇಕಾಗಿಲ್ಲ, ಕಂಪನಿಯ ಹೆಡ್ ಆಫೀಸ್ ಇರುವ ಊರಿಗೂ ಹೋಗಬೇಕಾಗಿಲ್ಲ. 5 ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದಾಖಲಿಸಬಹುದು, ಘಟನೆ ನಡೆದು ಎರಡು ವರ್ಷದೊಳಗೆ. ಒಂದು ಎಚ್ಚರ: "ನನ್ನ ರೇಷ್ಮೆ ಸೀರೆ ಕೊಡಲಿಲ್ಲ" ಎಂದಷ್ಟೇ ಬರೆದರೆ ನೀವು ಆ ಸೀರೆಯನ್ನು ಅವರಿಂದ ಕೊಂಡಿಲ್ಲವಲ್ಲ ಎಂಬ ವಾದ ಬರುತ್ತದೆ. ಜಾರ್ಜೆಟ್ ಸೀರೆ ಕೊಂಡ ಗ್ರಾಹಕರಾಗಿ, ಆ ಆರ್ಡರ್‌ನ ರಿಟರ್ನ್ ಸೇವೆಯಲ್ಲಿ ಆದ ಲೋಪ ಎಂದು ಬರೆಯಿರಿ, ರೇಷ್ಮೆ ಸೀರೆಯ ಬೆಲೆಯನ್ನು ಆ ಲೋಪದಿಂದಾದ ನಷ್ಟವೆಂದು ಕೇಳಿ.

ಸೀರೆ ಮಾತ್ರವಲ್ಲ. ವಾಪಸ್ ಹೋಗುವ ಫೋನಿನಲ್ಲಿ ಸಿಮ್, ಮೆಮೊರಿ ಕಾರ್ಡ್, ವ್ಯಾನಿಟಿ ಬ್ಯಾಗಿನ ಒಳಜೇಬಿನಲ್ಲಿ ಕಿವಿಯೋಲೆ, ಲ್ಯಾಪ್‌ಟಾಪ್ ಬಾಕ್ಸಿನಲ್ಲಿ ಹಳೆಯ ಚಾರ್ಜರ್, ಎಲ್ಲ ಹೀಗೆಯೇ ಹೋಗುತ್ತವೆ. ಫೋನೇ ಅದಲುಬದಲಾಗಿ ಹೋಗಿದ್ದರೆ ಐಎಂಇಐ ನಂಬರ್ ಹಳೆಯ ಬಾಕ್ಸ್ ಮೇಲಿರುತ್ತದೆ. ಕಂಪನಿ ಕೈಚೆಲ್ಲಿದರೆ ಪೊಲೀಸ್ ದೂರಿನ ಪ್ರತಿ ಪಡೆದು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನ ಸಿಇಐಆರ್ ಸೇವೆಯಲ್ಲಿ ಆ ಫೋನ್ ಬ್ಲಾಕ್ ಮಾಡಿಸಿ. ದೂರಿನಲ್ಲಿ ಕಳವು ಎಂದು ಬರೆಯಬೇಡಿ, ಆದದ್ದನ್ನು ಆದಂತೆಯೇ ಬರೆಯಿರಿ.

500 ರೂಪಾಯಿ ಕೂಪನ್ ಕೊಡುತ್ತೇವೆ ಎಂದು ಬರುತ್ತದೆ. ಮುಟ್ಟಬೇಡಿ. ಒಪ್ಪಿದೆ ಎಂದು ಒತ್ತಿದರೆ ಅದೇ ಅಂತಿಮ ಇತ್ಯರ್ಥ ಎನ್ನುತ್ತಾರೆ. "ಬೇಡ, ನನ್ನ ವಸ್ತು ಬೇಕು" ಎಂದು ಲಿಖಿತ ಉತ್ತರ ಕೊಡಿ.

ಇನ್ನೊಂದು ಮಾತು, ಇದು ತುಂಬ ಮುಖ್ಯ. ಸಿಟ್ಟಿನಲ್ಲಿ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ. ಅಲ್ಲಿ ಸಿಗುವ ಎಷ್ಟೋ ನಂಬರ್ ವಂಚಕರದು. ನಿಮ್ಮ ಪಾರ್ಸೆಲ್ ಸಿಕ್ಕಿದೆ, 5 ರೂಪಾಯಿ ಕಟ್ಟಿ, ಈ ಆ್ಯಪ್ ಹಾಕಿಕೊಳ್ಳಿ, *21* ನಂತಹ ಕೋಡ್ ಒತ್ತಿ ಮುಂದೆ ಈ ನಂಬರ್ ಡಯಲ್ ಮಾಡಿ ಎನ್ನುತ್ತಾರೆ. ಹಾಗೆ ಡಯಲ್ ಮಾಡಿದರೆ ನಿಮಗೆ ಬರುವ ಕರೆಗಳೆಲ್ಲ ಅವರ ಫೋನಿಗೆ ಹೋಗುತ್ತವೆ, ಬ್ಯಾಂಕಿನ ಒಟಿಪಿ ಕರೆಯೂ ಸೇರಿ. ನಂಬರ್ ಕಂಪನಿಯ ಆ್ಯಪ್ ಒಳಗಿನಿಂದಲೇ ತೆಗೆದುಕೊಳ್ಳಿ. ಹಣ ಹೋಗಿಬಿಟ್ಟಿದ್ದರೆ ಸೀರೆಯ ವಿಷಯ ಪಕ್ಕಕ್ಕಿಟ್ಟು ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.