ಫ್ಲವರ್‌ಹಾರ್ನ್ ಸಾಕುವವರಿಗೆ ಎಪಿಐ ಮಾಸ್ಟರ್ ಟೆಸ್ಟ್ ಕಿಟ್: ಬಳಸಿದವರ ಮಾತು

ಹಣೆ ಉಬ್ಬಿರುವ ಫ್ಲವರ್‌ಹಾರ್ನ್ ಮೀನು ತಂದವರು ಮೊದಲು ದುಡ್ಡು ಸುರಿಯುವುದು ತಲೆ ದಪ್ಪ ಮಾಡುವ ಫುಡ್‌ಗೆ. ಆಮೇಲೆ ಬಣ್ಣ ಎದ್ದು ಕಾಣಲಿ ಅಂತ ಲೈಟ್‌ಗೆ. ನೀರು ಪರೀಕ್ಷೆ ಮಾಡುವ ಕಿಟ್ ಕೇಳಿದರೆ ಎಷ್ಟೋ ಅಂಗಡಿಗಳಲ್ಲಿ "ಅದೆಲ್ಲ ಯಾಕೆ, ವಾರಕ್ಕೊಮ್ಮೆ ನೀರು ಬದಲಾಯಿಸಿ ಸಾಕು" ಅಂತಾರೆ. ನನ್ನ ಪ್ರಕಾರ ಮೀನು, ಟ್ಯಾಂಕ್, ಫಿಲ್ಟರ್, ಹೀಟರ್ ಆದ ಮೇಲೆ ಕೊಳ್ಳಬೇಕಾದ ಮೊದಲ ವಸ್ತು ಅದೇ. ನಾನು ಬಳಸುತ್ತಿರುವುದು ಎಪಿಐ ಕಂಪನಿಯ ಫ್ರೆಶ್‌ವಾಟರ್ ಮಾಸ್ಟರ್ ಟೆಸ್ಟ್ ಕಿಟ್. ಒಂಟಿಯಾಗಿ ಇರುವ ಮೀನಿಗೆ ಇದು ಯಾಕೆ ಜಾಸ್ತಿ ಬೇಕು ಅಂತ ಹೇಳುತ್ತೇನೆ.

ಈ ಮೀನು ಯಾವ ಹೊಳೆಯಲ್ಲೂ ತಾನಾಗಿ ಹುಟ್ಟಿದ್ದಲ್ಲ. 1990ರ ದಶಕದಲ್ಲಿ ಮಲೇಷ್ಯಾದವರು ಅಮೆರಿಕ ಖಂಡದ ಸಿಕ್ಲಿಡ್ ಮೀನುಗಳನ್ನು ಬೆರೆಸಿ ಮಾಡಿದ ತಳಿ. ಸಿಕ್ಲಿಡ್‌ಗಳ ಜಾಗದ ಹಟ ಇದಕ್ಕೆ ಪೂರ್ತಿ ಬಂದಿದೆ. ಇಡೀ ಟ್ಯಾಂಕ್ ತನ್ನದು, ಅಷ್ಟೇ. ಗಾಜಿನ ಮೇಲೆ ಬೆರಳಿಟ್ಟರೆ ಕಿವಿರು ಉಬ್ಬಿಸಿಕೊಂಡು ನುಗ್ಗಿ ಬರುತ್ತದೆ, ಒಳಗೆ ಕೈ ಹಾಕಿದರೆ ಕಚ್ಚುತ್ತದೆ, ಗಾಜಿನಲ್ಲಿ ತನ್ನದೇ ನೆರಳು ಕಂಡರೂ ಬಿಡುವುದಿಲ್ಲ. ಕೆಳಗೆ ಹಾಸಿದ ಕಲ್ಲನ್ನು ಬಾಯಲ್ಲಿ ಕಚ್ಚಿ ಎತ್ತಿ ಒಂದು ಮೂಲೆಗೆ ಗುಡ್ಡೆ ಹಾಕುತ್ತದೆ. ನಾವು ಅದನ್ನು ಸಮ ಮಾಡಿದರೆ ಮತ್ತೆ ಶುರು. ನನಗೆ ಈ ಮೀನಿನ ಮೇಲೆ ಪ್ರೀತಿ ಹುಟ್ಟಿದ್ದೇ ಇದರಿಂದ. ಕೆಲವರು ವಾಸ್ತುಗೆ ಅಂತ ತರ್ತಾರೆ, ಮೈಮೇಲಿನ ಕಪ್ಪು ಗುರುತಿನಲ್ಲಿ ಅದೃಷ್ಟ ಓದ್ತಾರೆ. ಅವರ ನಂಬಿಕೆ ಅವರಿಗೆ, ಮೀನನ್ನು ಚೆನ್ನಾಗಿ ನೋಡಿಕೊಂಡರೆ ಸಾಕು.

ಹೀಗೆ ಜಗಳಕ್ಕೆ ನಿಲ್ಲುವುದರಿಂದ ಇದನ್ನು ಒಂದೇ ಇಡಬೇಕು. ತೊಂದರೆ ಇರುವುದೂ ಅಲ್ಲೇ. ಹತ್ತಾರು ಗಪ್ಪಿ ಇರುವ ಟ್ಯಾಂಕಿನಲ್ಲಿ ಎಲ್ಲವೂ ಒಟ್ಟಿಗೆ ಮೇಲೆ ಬಂದು ಉಸಿರಿಗೆ ಒದ್ದಾಡಿದರೆ ನೀರು ಕೆಟ್ಟಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಇಲ್ಲಿ ಹೋಲಿಸಿ ನೋಡಲು ಇನ್ನೊಂದು ಮೀನೇ ಇಲ್ಲ ಅಲ್ವಾ? ಜೊತೆಗೆ ಇದಕ್ಕೆ ಮುನಿಸು ಬೇರೆ. ಟ್ಯಾಂಕ್ ಜಾಗ ಬದಲಾಯಿಸಿ, ಹೀಟರನ್ನು ಎಡದಿಂದ ಬಲಕ್ಕೆ ಹಾಕಿ, ಕಲ್ಲು ತೆಗೆದುಬಿಡಿ, ಮೂಲೆ ಹಿಡಿದು ಮಲಗುತ್ತದೆ, ಬಣ್ಣ ಮಂಕಾಗುತ್ತದೆ, ತಿನ್ನುವುದಿಲ್ಲ. ನೀರಿನಲ್ಲಿ ಅಮೋನಿಯಾ (ಮೀನಿನ ಹೊಲಸು, ಉಳಿದ ಫುಡ್‌ನಿಂದ ಸೇರುವ ವಿಷ) ಏರಿದಾಗಲೂ ಹೆಚ್ಚು ಕಮ್ಮಿ ಇದೇ ಲಕ್ಷಣ. ಒಂದಕ್ಕೆ ಬೇಕಾದದ್ದು ಸುಮ್ನೆ ಬಿಟ್ಟುಬಿಡುವುದು, ಇನ್ನೊಂದಕ್ಕೆ ಈಗಲೇ ನೀರು ಬದಲಾಯಿಸುವುದು. ಹೊರಗಿನಿಂದ ನೋಡಿ ಯಾವುದು ಅಂತ ಹೇಳುವುದು ಕಷ್ಟ. ಬಹಳ ಜನ ಆಗ ನೀಲಿ ಔಷಧಿ, ಹಳದಿ ಔಷಧಿ, ಕಲ್ಲುಪ್ಪು ಎಲ್ಲ ಒಂದೇ ಸಲ ಸುರಿಯುತ್ತಾರೆ. ಮೀನಿಗೆ ಕಾಯಿಲೆಯೇ ಇರುವುದಿಲ್ಲ, ಔಷಧಿಯಿಂದಲೇ ಸುಸ್ತಾಗುತ್ತದೆ.

ಕಿಟ್ ಈ ಅನುಮಾನವನ್ನು ಐದೇ ನಿಮಿಷದಲ್ಲಿ ಬಗೆಹರಿಸುತ್ತದೆ.

ಡಬ್ಬಿಯಲ್ಲಿ ಏಳು ಪುಟ್ಟ ಬಾಟಲಿ, ನಾಲ್ಕು ಗಾಜಿನ ಕೊಳವೆ, ಬಣ್ಣದ ಕಾರ್ಡ್ ಇರುತ್ತವೆ. ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ), ಹೈ ರೇಂಜ್ ಪಿಎಚ್ (ಪಿಎಚ್ ಜಾಸ್ತಿ ಇರುವ ನೀರಿಗೆ), ಅಮೋನಿಯಾ, ನೈಟ್ರೈಟ್, ನೈಟ್ರೇಟ್ ನೋಡಬಹುದು. ಅಮೋನಿಯಾ ಪರೀಕ್ಷೆಗೆ ಕೊಳವೆಯ ಗೆರೆವರೆಗೆ 5 ಮಿಲಿ ಟ್ಯಾಂಕ್ ನೀರು ತುಂಬಿ, ಒಂದನೇ ಬಾಟಲಿಯಿಂದ 8 ಹನಿ, ಎರಡನೆಯದರಿಂದ 8 ಹನಿ ಹಾಕಿ, ಮುಚ್ಚಳ ಹಾಕಿ ಅಲ್ಲಾಡಿಸಿ 5 ನಿಮಿಷ ಬಿಡಬೇಕು. ಬಾಟಲಿಯನ್ನು ನೇರ ತಲೆಕೆಳಗು ಹಿಡಿಯಿರಿ, ಓರೆಯಾದರೆ ಹನಿಯ ಗಾತ್ರ ಬದಲಾಗುತ್ತದೆ. ನಿಂಬೆ ಹಳದಿಯಾಗಿಯೇ ಉಳಿದರೆ ಅಮೋನಿಯಾ ಇಲ್ಲ. ಹಸಿರು ತಿರುಗಿತು ಅಂದರೆ ಇದೆ, ಹಸಿರು ಗಾಢವಾದಷ್ಟೂ ಅಪಾಯ ಜಾಸ್ತಿ. ಕೊಳವೆಯನ್ನು ಕಾರ್ಡಿನ ಬಿಳಿ ಜಾಗಕ್ಕೆ ತಾಗಿಸಿ, ಹಗಲು ಬೆಳಕಿನಲ್ಲಿ ನೋಡಿ. ಹಳದಿ ಬಲ್ಬಿನ ಕೆಳಗೆ ಎಲ್ಲವೂ ಸರಿಯಾಗಿರುವ ಹಾಗೇ ಕಾಣುತ್ತದೆ.

ಫ್ಲವರ್‌ಹಾರ್ನ್‌ಗೆ ಅಮೋನಿಯಾ ಜೊತೆ ಪಿಎಚ್ ಕೂಡ ಓದಲೇಬೇಕು. ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ಅದರಲ್ಲಿ ನಿಜವಾಗಿ ವಿಷವಾಗುವ ಪಾಲು ಪಿಎಚ್ ಮತ್ತು ಬಿಸಿ ಏರಿದ ಹಾಗೆ ಹೆಚ್ಚುತ್ತದೆ. ಪಿಎಚ್ 7ರಿಂದ 8ಕ್ಕೆ ಹೋದರೆ ಆ ಪಾಲು ಸುಮಾರು ಹತ್ತು ಪಟ್ಟು. ನಾವು ಈ ಮೀನನ್ನು ಇಡುವುದೇ 28-30 ಡಿಗ್ರಿ ಬಿಸಿಯಲ್ಲಿ, ಬೋರ್‌ವೆಲ್ ನೀರಾದರೆ ಪಿಎಚ್ 8ರ ಹತ್ತಿರ ಇರುವುದೂ ಉಂಟು. ಹಾಗಾಗಿ ಬೇರೆ ಟ್ಯಾಂಕಿನಲ್ಲಿ ಹೇಗೋ ದಾಟಿಹೋಗುವ ತೆಳು ಹಸಿರು ಇಲ್ಲಿ ನಿಜವಾದ ಎಚ್ಚರಿಕೆ. ಒಂದು ಅಡಿ ಬೆಳೆಯುವ ಮೀನು, ದಿನಕ್ಕೆ ಎರಡು ಮೂರು ಸಲ ಪ್ರೋಟೀನ್ ತುಂಬಿದ ಫುಡ್ ತಿನ್ನುತ್ತದೆ. ಅದೆಲ್ಲ ಕಡೆಗೆ ನೀರಿಗೇ ತಾನೆ ಸೇರುವುದು?

ನೈಟ್ರೈಟ್ ಪರೀಕ್ಷೆ ಸುಲಭ, 5 ಹನಿ, 5 ನಿಮಿಷ. ತಿಳಿ ನೀಲಿ ಇದ್ದರೆ ಸರಿ, ನೇರಳೆಗೆ ತಿರುಗಿದರೆ ಕೆಟ್ಟದ್ದು. ಭಾನುವಾರ ಇಡೀ ಟ್ಯಾಂಕ್ ಖಾಲಿ ಮಾಡಿ, ಫಿಲ್ಟರ್ ಸ್ಪಾಂಜನ್ನು ನಲ್ಲಿ ಕೆಳಗೆ ಹಿಂಡಿ ಹಿಂಡಿ ತೊಳೆಯುವ ಅಭ್ಯಾಸ ನಮ್ಮ ಕಡೆ ಬಹಳ ಇದೆ. ಅಂಥವರು ತೊಳೆದ ಎರಡು ದಿನಕ್ಕೆ ಈ ಪರೀಕ್ಷೆ ಮಾಡಿ ನೋಡಲಿ. ಅಮೋನಿಯಾವನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ಕಮ್ಮಿ ವಿಷದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಇರುವುದು ಆ ಸ್ಪಾಂಜಿನಲ್ಲೇ. ನಲ್ಲಿ ನೀರಿನ ಕ್ಲೋರಿನ್ ಅವನ್ನು ಕೊಲ್ಲುತ್ತದೆ. ಸ್ಪಾಂಜನ್ನು ಟ್ಯಾಂಕಿನಿಂದ ತೆಗೆದ ನೀರಲ್ಲೇ ಅದ್ದಿ ತೆಗೆದರೆ ಸಾಕು. ಗಾಜು ಪಳಪಳ ಹೊಳೆಯುತ್ತಿದ್ದರೂ ಕೊಳವೆ ನೇರಳೆ ತೋರಿಸುತ್ತದೆ. ಅದನ್ನು ಒಮ್ಮೆ ಕಣ್ಣಾರೆ ಕಂಡವರು ಆಮೇಲೆ ಸ್ಪಾಂಜನ್ನು ನಲ್ಲಿ ಕೆಳಗೆ ಹಿಡಿಯುವುದಿಲ್ಲ. ಹೊಸ ಟ್ಯಾಂಕ್ ಹಾಕುವವರಿಗೂ ಇದು ಬೇಕು. ಈ ಬ್ಯಾಕ್ಟೀರಿಯಾ ನೆಲೆ ನಿಲ್ಲಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು, ಮುಗಿಯಿತೋ ಇಲ್ಲವೋ ಅಂತ ಹೇಳುವುದು ಅಮೋನಿಯಾ, ನೈಟ್ರೈಟ್ ಈ ಎರಡು ಪರೀಕ್ಷೆಗಳೇ.

ನೈಟ್ರೇಟ್ ಪರೀಕ್ಷೆಯಲ್ಲಿ ಅವಸರ ಮಾಡಬೇಡಿ. ಒಂದನೇ ಬಾಟಲಿಯ 10 ಹನಿ ಹಾಕಿ ತಿರುವಿ, ಎರಡನೇ ಬಾಟಲಿಯನ್ನು 30 ಸೆಕೆಂಡ್ ಜೋರಾಗಿ ಕುಲುಕಿ, ಅದರ 10 ಹನಿ ಹಾಕಿ, ಕೊಳವೆಯನ್ನು ಒಂದು ನಿಮಿಷ ಪೂರ್ತಿ ಅಲ್ಲಾಡಿಸಬೇಕು. ಆಮೇಲೆ 5 ನಿಮಿಷ. ಹಳದಿ ಇದ್ದರೆ ನೈಟ್ರೇಟ್ ಇಲ್ಲ, ಕೆಂಪಾದಷ್ಟೂ ಜಾಸ್ತಿ. ಎರಡನೇ ಬಾಟಲಿಯ ತಳದಲ್ಲಿ ಪುಡಿ ಗಟ್ಟಿಯಾಗಿ ಕೂರುತ್ತದೆ, ಮೇಜಿನ ಮೇಲೆ ಒಂದೆರಡು ಸಲ ಕುಟ್ಟಿ ಕುಲುಕಿದರೆ ಒಳ್ಳೆಯದು. ಇದನ್ನು ಬಿಟ್ಟರೆ ಫಲಿತಾಂಶ ಕಮ್ಮಿ ತೋರಿಸಿ ಮೋಸ ಆಗುತ್ತದೆ. ಇನ್ನೊಂದು ವಿಷಯ, ಟ್ಯಾಂಕ್ ನೀರಿಗಿಂತ ಮೊದಲು ನಿಮ್ಮ ನಲ್ಲಿ ನೀರನ್ನೇ ಪರೀಕ್ಷಿಸಿ. ಬೆಂಗಳೂರಿನ ಎಷ್ಟೋ ಬೋರ್‌ವೆಲ್‌ಗಳಲ್ಲಿ ನೈಟ್ರೇಟ್ ಮೊದಲೇ ಜಾಸ್ತಿ. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ. ನಲ್ಲಿಯಲ್ಲೇ ಕೆಂಪು ಬಂದರೆ ಎಷ್ಟು ನೀರು ಬದಲಾಯಿಸಿದರೂ ಟ್ಯಾಂಕಿನಲ್ಲಿ ಅದು ಇಳಿಯುವುದಿಲ್ಲ, ಮನೆಯವರು ಕುಡಿಯುವ ನೀರಿನ ಬಗ್ಗೆಯೂ ಯೋಚಿಸಬೇಕಾಗುತ್ತದೆ.

ಕೊರತೆಗಳೂ ಇವೆ. ನೀರಿನ ಗಡಸುತನ ಇದರಲ್ಲಿ ಗೊತ್ತಾಗುವುದಿಲ್ಲ, ಅದಕ್ಕೆ ಬೇರೆ ಕಿಟ್. ನೈಟ್ರೇಟ್ ಕಾರ್ಡಿನಲ್ಲಿ 40 ಮತ್ತು 80ರ ಕೆಂಪು ನಡುವೆ ವ್ಯತ್ಯಾಸ ಹಿಡಿಯುವುದು ಕಷ್ಟ. ನಾನಂತೂ ಕೆಂಪು ಕಂಡರೆ ಲೆಕ್ಕ ಹಾಕುತ್ತಾ ಕೂರುವುದಿಲ್ಲ, ಮೂರರಲ್ಲಿ ಒಂದು ಪಾಲು ನೀರು ತೆಗೆದುಬಿಡುತ್ತೇನೆ. ಒಂದೇ ಸಲಕ್ಕೆ ಕೊಡಬೇಕಾದ ಬೆಲೆಯೂ ಭಾರ ಅನಿಸುತ್ತದೆ. ಆದರೆ ಕಂಪನಿ ಹೇಳುವಂತೆ 800 ಪರೀಕ್ಷೆ ಬರುತ್ತದೆ, ಗೆಳೆಯರು ಇಬ್ಬರು ಮೂವರು ಸೇರಿ ಒಂದು ತಗೊಂಡರೂ ಎಲ್ಲರಿಗೂ ಸಾಕು. ಅಗ್ಗದ ಸ್ಟ್ರಿಪ್‌ಗಳು ಸಿಗುತ್ತವೆ ನಿಜ, ಆದರೆ ಐದು-ಒಂದರಲ್ಲಿ ಅನ್ನುವ ಸಾಮಾನ್ಯ ಸ್ಟ್ರಿಪ್‌ನಲ್ಲಿ ಅಮೋನಿಯಾ ಇರುವುದಿಲ್ಲ. ನಮಗೆ ಮುಖ್ಯವಾಗಿ ಬೇಕಾದದ್ದೇ ಅದು.

ಕೊಳ್ಳುವಾಗ ಬಾಟಲಿ ಮೇಲಿನ ಲಾಟ್ ನಂಬರ್ ನೋಡಿ, ಕೊನೆಯ ನಾಲ್ಕು ಅಂಕಿ ತಯಾರಾದ ತಿಂಗಳು ಮತ್ತು ವರ್ಷ. ಹಳೆಯ ಸ್ಟಾಕ್ ಆದರೆ ಬೇಡ ಅನ್ನಿ. ಮಕ್ಕಳ ಕೈಗೆ ಸಿಗದ ಕಡೆ ಇಡಿ, ಪರೀಕ್ಷೆ ಮಾಡಿದ ನೀರನ್ನು ಮತ್ತೆ ಟ್ಯಾಂಕಿಗೆ ಹಾಕಬೇಡಿ, ಕೊಳವೆಗಳನ್ನು ತೊಳೆದು ಬೋರಲು ಹಾಕಿ ಒಣಗಿಸಿ.